ಶ್ರುತಿ ಯಾರ ಕೈಯಲ್ಲಿರಬೇಕು? ಎಲೆಕ್ಟ್ರಿಕ್ ಗಿಟಾರಿನ ಬಿರಡೆಗಳ ಕಥೆ



ಈ ಸಲದ ಸಂಚಿಕೆಗೆ ಇತಿಹಾಸದ ಬಗ್ಗೆ ಒಂದು ಪ್ರಬಂಧ ಬರೆದುಕೊಡು ಎಂದು ನಮ್ಮ ಕನ್ನಡ ಶಾಲೆಯ ಟೀಚರ್ ಹೇಳಿದರು. ಇತಿಹಾಸ ಎಂದರೆ ರಾಜರು, ಯುದ್ಧಗಳು, ಶಾಸನಗಳು ಎಂದು ನೀವು ಅಂದುಕೊಂಡಿದ್ದರೆ ಕ್ಷಮಿಸಿ. ನಾನು ಬರೆಯುತ್ತಿರುವುದು ಹೆಬ್ಬೆರಳಿನಷ್ಟು ಗಾತ್ರದ ಒಂದು ಲೋಹದ ತುಂಡಿನ ಬಗ್ಗೆ. ಅದರ ಮೇಲೂ ದೊಡ್ಡ ದೊಡ್ಡ ಜಗಳಗಳು ನಡೆದಿವೆ.

ಇದು ಶುರುವಾಗಿದ್ದು ನಮ್ಮ ಮನೆಯಲ್ಲೇ. ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿದ್ದಾಗ ನನ್ನ ಸೋದರಮಾವ ತಾವು ಕಾಲೇಜಿನಲ್ಲಿ ನುಡಿಸುತ್ತಿದ್ದ ಎಲೆಕ್ಟ್ರಿಕ್ ಗಿಟಾರನ್ನು ನನಗೆ ಕೊಟ್ಟರು. ಅದನ್ನು ಜೋಪಾನವಾಗಿ ನ್ಯೂಕ್ಯಾಸಲ್‌ಗೆ ತಂದೆ. ಆದರೆ ಒಂದು ಹಾಡು ಮುಗಿಯುವಷ್ಟರಲ್ಲಿ ಅದು ಶ್ರುತಿ ಬಿಟ್ಟುಹೋಗುತ್ತಿತ್ತು. ಯುಗಾದಿ ಕಾರ್ಯಕ್ರಮದಲ್ಲಿ ಪುಟ್ಟ ಮಕ್ಕಳ ಹಾಡಿಗೆ ನಾನು ಗಿಟಾರ್ ನುಡಿಸಿದಾಗ ಎರಡನೇ ಚರಣಕ್ಕೆ ಮಕ್ಕಳು ಒಂದು ಕಡೆ, ನಾನು ಇನ್ನೊಂದು ಕಡೆ. ನೋಡಿದವರೆಲ್ಲ ಚಪ್ಪಾಳೆ ತಟ್ಟಿದರು, ನನಗೆ ಮಾತ್ರ ಅಳು ಬರುವ ಹಾಗಾಗಿತ್ತು.

ಬಿರಡೆಗಳು ಕೆಟ್ಟಿವೆ, ಹೊಸವನ್ನು ಹಾಕಿಸಬೇಕು ಎಂದು ನಾನು ತೀರ್ಮಾನಿಸಿದೆ. ನನಗೆ ಇಷ್ಟವಾದ ಹೊಸ ಬಿರಡೆಗಳು ದಪ್ಪ. ಅವು ಕೂರಬೇಕಾದರೆ ಗಿಟಾರಿನ ತಲೆಯಲ್ಲಿರುವ ತೂತುಗಳನ್ನು ದೊಡ್ಡದು ಮಾಡಬೇಕು. ಮಾವನಿಗೆ ಫೋನ್ ಮಾಡಿ ಕೇಳಿದೆ. "ನಿನ್ನದೇ ಗಿಟಾರು ಕಣೇ, ಏನು ಬೇಕಾದರೂ ಮಾಡು. ಆದರೆ ಕೊರೆದ ತೂತನ್ನು ಮತ್ತೆ ಮುಚ್ಚೋಕಾಗಲ್ಲ. ಸ್ವಲ್ಪ ಓದಿಕೊಂಡು ಆಮೇಲೆ ಮಾಡು" ಎಂದರು. ಅವರ ದನಿ ಸ್ವಲ್ಪ ಸಣ್ಣದಾಗಿದ್ದನ್ನು ನಾನು ಗಮನಿಸಿದೆ. ಹಾಗಾಗಿ ಓದಲು ಕೂತೆ. ಓದಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಬಿರಡೆ ಎಂದರೆ ಏನು?

ವೀಣೆ, ತಂಬೂರಿಗಳಲ್ಲಿ ತಂತಿಯನ್ನು ಬಿಗಿ ಮಾಡಲು, ಸಡಿಲ ಮಾಡಲು ಇರುವ ಮರದ ಕೀಲಿಗೆ ಕನ್ನಡದಲ್ಲಿ ಬಿರಡೆ ಎನ್ನುತ್ತಾರೆ. ಗಿಟಾರಿನಲ್ಲಿ ಅದೇ ಕೆಲಸವನ್ನು ಟ್ಯೂನರ್ ಮಾಡುತ್ತದೆ. ನಾನು ಎರಡಕ್ಕೂ ಬಿರಡೆ ಎಂದೇ ಬರೆಯುತ್ತೇನೆ.

ಮರದ ಬಿರಡೆ ನಿಲ್ಲುವುದು ಬರೀ ಉಜ್ಜಾಟದ ಬಲದಿಂದ. ಗಿಟಾರಿನ ಬಿರಡೆಯೊಳಗೆ ಒಂದು ತಿರುಪು, ಒಂದು ಹಲ್ಲಿನ ಚಕ್ರ ಇರುತ್ತವೆ. ಹಳೆಯ ಕ್ಲೂಸನ್ ಬಿರಡೆಗಳ ಅನುಪಾತ 15:1. ಅಂದರೆ ನೀವು ಗುಂಡಿಯನ್ನು 15 ಸುತ್ತು ತಿರುಗಿಸಿದರೆ ತಂತಿ ಸುತ್ತಿಕೊಂಡಿರುವ ಕಂಬ 1 ಸುತ್ತು ತಿರುಗುತ್ತದೆ. ಈಗಿನ ಕೆಲವು ಬಿರಡೆಗಳಲ್ಲಿ ಇದು 18:1. ಅನುಪಾತ ಹೆಚ್ಚಾದಷ್ಟೂ ಶ್ರುತಿಯನ್ನು ಸೂಕ್ಷ್ಮವಾಗಿ ಕೂಡಿಸಬಹುದು. ಇನ್ನೊಂದು ಗುಟ್ಟೂ ಇದೆ. ತಿರುಪು ಚಕ್ರವನ್ನು ತಿರುಗಿಸಬಲ್ಲದು, ಆದರೆ ಚಕ್ರ ತಿರುಪನ್ನು ತಿರುಗಿಸಲಾರದು. ಆರು ತಂತಿಗಳೂ ಸೇರಿ ಸುಮಾರು 45 ಕಿಲೋ ಭಾರದಷ್ಟು ಎಳೆಯುತ್ತಿದ್ದರೂ ಬಿರಡೆ ಹಿಂದಕ್ಕೆ ಜಾರುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ನಮ್ಮ ಪಕ್ಕದ ಊರಿನಲ್ಲೇ

ಈ ಇತಿಹಾಸಕ್ಕಾಗಿ ನಾವು ಬಹಳ ದೂರ ಹೋಗಬೇಕಿಲ್ಲ. 1930ರ ದಶಕದಲ್ಲಿ ಸಿಯಾಟಲ್‌ನ ಸಂಗೀತದ ಮೇಷ್ಟ್ರು ಪಾಲ್ ಟಟ್‌ಮಾರ್ಕ್ ಆಡಿಯೋವಾಕ್ಸ್ 736 ಎಂಬ ಎಲೆಕ್ಟ್ರಿಕ್ ಬೇಸ್ ತಯಾರಿಸಿದರು. ಆಳೆತ್ತರದ ಬೇಸ್ ಪಿಟೀಲನ್ನು ಹೊತ್ತು ತಿರುಗುವ ಕಷ್ಟವನ್ನು ತಪ್ಪಿಸಿ, ಗಿಟಾರಿನಂತೆ ಅಡ್ಡ ಹಿಡಿದು, ಮೆಟ್ಟಿಲುಗಳ ಮೇಲೆ ಬೆರಳಿಟ್ಟು ನುಡಿಸುವ ವಾದ್ಯ ಅದು. ಆದರೆ ಆಗಿನ ಕಲಾವಿದರು ಅದನ್ನು ಹೆಚ್ಚಾಗಿ ಕೊಳ್ಳಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಅಂಥದ್ದೇ ಯೋಚನೆಯ ಪ್ರಿಸಿಶನ್ ಬೇಸ್ ತಂದಾಗ ಅದು ಲೋಕಪ್ರಸಿದ್ಧವಾಯಿತು. ಹೊಸದು ಒಳ್ಳೆಯದಾಗಿದ್ದರೆ ಸಾಲದು, ನುಡಿಸುವವರು ಒಪ್ಪಬೇಕು. ಈ ಕಥೆಯಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಆದ್ದರಿಂದಲೇ ಅವರು ಕಲಾವಿದರ ಕೈಗೆ ಗಿಟಾರ್ ಕೊಟ್ಟು, ಅವರ ದೂರುಗಳನ್ನು ಕೇಳಿ, ತಿದ್ದುತ್ತಿದ್ದರು. 1954ರಲ್ಲಿ ಬಂದ ಅವರ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಆರೂ ಬಿರಡೆಗಳು ತಲೆಯ ಒಂದೇ ಬದಿಯಲ್ಲಿ ಸಾಲಾಗಿವೆ. ಇದು ಪೂರ್ತಿ ಹೊಸದೇನಲ್ಲ. 19ನೇ ಶತಮಾನದಲ್ಲೇ ವಿಯೆನ್ನಾದ ಸ್ಟೌಫರ್ ಎಂಬ ಕುಶಲಕರ್ಮಿ ಹೀಗೆ ಮಾಡಿದ್ದರು. ಇದರ ಲಾಭವೆಂದರೆ ತಂತಿ ಎಲ್ಲೂ ಪಕ್ಕಕ್ಕೆ ಬಾಗದೆ ನೇರವಾಗಿ ಬಿರಡೆಗೆ ಹೋಗುತ್ತದೆ. ಮೂರು ಆಚೆ, ಮೂರು ಈಚೆ ಬಿರಡೆಗಳಿರುವ ಗಿಬ್ಸನ್ ಗಿಟಾರುಗಳಲ್ಲಿ ತಂತಿಗಳು ಕುತ್ತಿಗೆ ದಾಟಿದ ಕೂಡಲೇ ಪಕ್ಕಕ್ಕೆ ಬಾಗುತ್ತವೆ.

ಆ ಸ್ಟ್ರಾಟೊಕ್ಯಾಸ್ಟರನ್ನು ಲೋಕದಲ್ಲೆಲ್ಲ ಪ್ರಸಿದ್ಧ ಮಾಡಿದವರು ನಮ್ಮ ಊರಿನವರೇ. ಜಿಮಿ ಹೆಂಡ್ರಿಕ್ಸ್ ಹುಟ್ಟಿದ್ದು 1942ರ ನವೆಂಬರ್ 27ರಂದು ಸಿಯಾಟಲ್‌ನಲ್ಲಿ. ತೀರಿಕೊಂಡಿದ್ದು 1970ರ ಸೆಪ್ಟೆಂಬರ್ 18ರಂದು ಲಂಡನ್‌ನಲ್ಲಿ, ಆಗ ಅವರಿಗೆ ಬರೀ 27 ವರ್ಷ. ಅವರ ಸಮಾಧಿ ಇರುವುದು ರೆಂಟನ್‌ನ ಗ್ರೀನ್‌ವುಡ್ ಸ್ಮಶಾನದಲ್ಲಿ. ನಮ್ಮ ನ್ಯೂಕ್ಯಾಸಲ್‌ನಿಂದ ಕಾರಿನಲ್ಲಿ ಸ್ವಲ್ಪವೇ ದೂರ. ಒಂದು ಭಾನುವಾರ ಅಪ್ಪನ ಜೊತೆ ಹೋಗಿದ್ದೆ. ಗ್ರಾನೈಟ್ ಕಂಬಗಳ ಮೇಲೆ ಗುಮ್ಮಟವಿದೆ. ಯಾರೋ ಗಿಟಾರ್ ಮೀಟುವ ಪಿಕ್‌ಗಳನ್ನು ಸಾಲಾಗಿ ಇಟ್ಟು ಹೋಗಿದ್ದರು, ನಮ್ಮಲ್ಲಿ ದೇವರ ಮುಂದೆ ಹೂವು ಇಡುವ ಹಾಗೆ.

ಹೆಂಡ್ರಿಕ್ಸ್ ಎಡಗೈಯವರು. ಬಲಗೈಯವರ ಗಿಟಾರನ್ನೇ ತಲೆಕೆಳಗು ಮಾಡಿ, ತಂತಿಗಳನ್ನು ಅದಲುಬದಲು ಮಾಡಿಕೊಂಡು ನುಡಿಸುತ್ತಿದ್ದರು. ಹಾಗಾಗಿ ಮೇಲಿರಬೇಕಾದ ಬಿರಡೆಗಳು ಕೆಳಗೆ, ಕೆಳಗಿರಬೇಕಾದ ಟ್ರೆಮೊಲೊ ಕಡ್ಡಿ ಮೇಲೆ. ಟ್ರೆಮೊಲೊ ಕಡ್ಡಿ ಎಂದರೆ ಬ್ರಿಡ್ಜ್‌ಗೆ ಸಿಕ್ಕಿಸಿದ ಒಂದು ಸಣ್ಣ ಸರಳು. ಅದನ್ನು ಒತ್ತಿದರೆ ಎಲ್ಲ ತಂತಿಗಳೂ ಒಟ್ಟಿಗೆ ಸಡಿಲವಾಗಿ ಸ್ವರ ಕೆಳಗೆ ಜಾರುತ್ತದೆ, ಬಿಟ್ಟರೆ ಮೇಲಕ್ಕೆ ಬರುತ್ತದೆ. ತೊಂದರೆ ಏನೆಂದರೆ, ಜೋರಾಗಿ ಬಳಸಿದ ಮೇಲೆ ತಂತಿ ಮೊದಲಿದ್ದ ಜಾಗಕ್ಕೇ ಸರಿಯಾಗಿ ವಾಪಸಾಗುವುದಿಲ್ಲ. ಹೆಂಡ್ರಿಕ್ಸ್ ಕಛೇರಿಗಳ ಧ್ವನಿಮುದ್ರಣ ಕೇಳಿದರೆ ಹಾಡುಗಳ ಮಧ್ಯೆ ಅವರು ಶ್ರುತಿ ಸರಿಮಾಡಿಕೊಳ್ಳುತ್ತಾ, ಜನರ ಜೊತೆ ತಮಾಷೆ ಮಾಡುತ್ತಾ ಇರುವುದು ಕೇಳುತ್ತದೆ. ಅಷ್ಟು ದೊಡ್ಡ ಕಲಾವಿದರಿಗೂ ಇದೇ ಕಷ್ಟ ಎಂದು ಗೊತ್ತಾದಾಗ ನನಗೆ ಸ್ವಲ್ಪ ಸಮಾಧಾನವಾಯಿತು.

ತೂತು ಕೊರೆದವರ ಪಶ್ಚಾತ್ತಾಪ

ನನ್ನ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟ ಭಾಗ ಇದು. 1950ರ ದಶಕದ ಗಿಬ್ಸನ್ ಲೆಸ್ ಪಾಲ್ ಗಿಟಾರುಗಳಲ್ಲಿ ಕ್ಲೂಸನ್ ಬಿರಡೆಗಳಿದ್ದವು. ಅವುಗಳ ಪ್ಲಾಸ್ಟಿಕ್ ಗುಂಡಿಗಳು ವರ್ಷ ಕಳೆದಂತೆ ಕುಗ್ಗಿ, ಪುಡಿಪುಡಿಯಾಗುತ್ತಿದ್ದವು. 1960 ಮತ್ತು 70ರ ದಶಕಗಳಲ್ಲಿ ಬಹಳ ಕಲಾವಿದರು ಅವನ್ನು ಕಿತ್ತು ಗ್ರೋವರ್ ಕಂಪನಿಯ ಬಿರಡೆಗಳನ್ನು ಹಾಕಿಸಿದರು. ಇವು ಪೂರ್ತಿ ಮುಚ್ಚಿದ ಡಬ್ಬಿಯಂಥವು, ಒಳಗೆ ಧೂಳು ಹೋಗುವುದಿಲ್ಲ, ತಿರುಗಿಸಿದರೆ ನುಣ್ಣಗೆ ತಿರುಗುತ್ತವೆ. ಲೆಡ್ ಝೆಪ್ಪೆಲಿನ್ ತಂಡದ ಜಿಮ್ಮಿ ಪೇಜ್ ಅವರ ಹೆಸರಾಂತ 1959ರ ಲೆಸ್ ಪಾಲ್‌ನಲ್ಲೂ ಗ್ರೋವರ್ ಬಿರಡೆಗಳೇ ಇವೆ.

ಆದರೆ ಗ್ರೋವರ್ ಬಿರಡೆಗೆ ಸುಮಾರು 10 ಮಿಲಿಮೀಟರ್ ತೂತು ಬೇಕು. ಹಳೆಯ ತೂತು ಅದಕ್ಕಿಂತ ಚಿಕ್ಕದು. ಆಗ ಅದು ಬರೀ ಒಂದು ಹಳೆ ಗಿಟಾರ್, ಕೊರೆದರು. ಕೆಲವು ದಶಕಗಳಾದ ಮೇಲೆ ಅದೇ 1950ರ ದಶಕದ ಗಿಟಾರುಗಳು ಪುರಾತನ ವಸ್ತುಗಳ ಹಾಗೆ ಬೆಲೆಬಾಳತೊಡಗಿದವು. ಆಗ ಕೊರೆದ ಗಿಟಾರಿಗೆ ಕೊರೆಯದ ಗಿಟಾರಿಗಿಂತ ಕಡಿಮೆ ಬೆಲೆ. ಸಂಗ್ರಹಕಾರರು "ಹಾಳುಮಾಡಿದರು" ಎಂದು ಬೈಯುತ್ತಾರೆ. ನುಡಿಸುವವರು "ಗಿಟಾರ್ ಇರುವುದು ನುಡಿಸೋದಕ್ಕೆ, ಬೀರುವಿನಲ್ಲಿ ಇಡೋದಕ್ಕಲ್ಲ" ಎನ್ನುತ್ತಾರೆ. ನನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತದೆ. ಈಗ ಹಳೆಯ ತೂತಿಗೇ ಕೂರುವ ಹಾಗೆ, ಆದರೆ ಒಳಗಿನ ಹಲ್ಲುಗಳು ಹೊಸದಾಗಿರುವ ಬಿರಡೆಗಳೂ ಸಿಗುತ್ತವೆ. ಜಗಳದಿಂದ ಹುಟ್ಟಿದ ಒಳ್ಳೆಯ ರಾಜಿ ಅದು.

ಬೀಗ ಹಾಕಿದ ತಂತಿಗಳು

1970ರ ದಶಕದಲ್ಲಿ ನಮ್ಮ ಸಿಯಾಟಲ್ ಕಡೆಯ ಇನ್ನೊಬ್ಬ ಗಿಟಾರ್ ವಾದಕ ಹೆಂಡ್ರಿಕ್ಸ್ ಎದುರಿಸಿದ್ದ ಕಷ್ಟಕ್ಕೇ ಕೈಹಾಕಿದರು. ಅವರ ಹೆಸರು ಫ್ಲಾಯ್ಡ್ ರೋಸ್. ಒಡವೆ ಮಾಡುವ ಕೆಲಸವೂ ಅವರಿಗೆ ಗೊತ್ತಿತ್ತು. ಕಡ್ಡಿ ಒತ್ತಿದಾಗ ತಂತಿ ಎಲ್ಲಿ ಜಾರುತ್ತದೆ ಎಂದು ಅವರು ಗಮನಿಸಿ ನೋಡಿದರು. ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಹೋಗುವ, ಕಚ್ಚುಗಳಿರುವ ಒಂದು ಸಣ್ಣ ಪಟ್ಟಿ ಇದೆ. ಅದಕ್ಕೆ ನಟ್ ಎನ್ನುತ್ತಾರೆ. ತಂತಿ ಅಲ್ಲಿ ಹಿಂದೆ ಮುಂದೆ ಜಾರುತ್ತದೆ, ಸಿಕ್ಕಿಕೊಳ್ಳುತ್ತದೆ. ಹಾಗಾದರೆ ಅಲ್ಲೇ ಬಿಗಿಯಾಗಿ ಹಿಡಿದುಬಿಟ್ಟರೆ? ಅವರು ತಂತಿಗಳನ್ನು ನಟ್‌ನಲ್ಲೂ, ಇನ್ನೊಂದು ತುದಿಯ ಬ್ರಿಡ್ಜ್‌ನಲ್ಲೂ ತಿರುಪು ಹಾಕಿ ಬೀಗ ಹಾಕಿದ ಹಾಗೆ ಬಿಗಿದರು. 1979ರಲ್ಲಿ ಅವರಿಗೆ ಇದರ ಪೇಟೆಂಟ್ ಸಿಕ್ಕಿತು. ಎಡ್ಡಿ ವ್ಯಾನ್ ಹೇಲನ್ ಅದನ್ನು ಬಳಸತೊಡಗಿದ ಮೇಲೆ 1980ರ ದಶಕದಲ್ಲಿ ಎಲ್ಲೆಲ್ಲೂ ಅದೇ.

ಆದರೆ ಒಂದು ಎಡವಟ್ಟು. ನಟ್‌ನಲ್ಲಿ ಬೀಗ ಹಾಕಿದ ಮೇಲೆ ತಲೆಯಲ್ಲಿರುವ ಬಿರಡೆ ತಿರುಗಿಸಿದರೂ ಏನೂ ಆಗುವುದಿಲ್ಲ! ಶ್ರುತಿ ಕೂದಲಷ್ಟು ತಪ್ಪಿದರೂ ಬೀಗ ಬಿಚ್ಚಬೇಕು. ಆದ್ದರಿಂದ ನಂತರದ ಮಾದರಿಗಳಲ್ಲಿ ಬ್ರಿಡ್ಜ್‌ನ ಮೇಲೆ ಆರು ಸಣ್ಣ ತಿರುಪುಗಳು ಬಂದವು, ಸೂಕ್ಷ್ಮವಾಗಿ ಶ್ರುತಿ ಕೂಡಿಸಲು. ಆಮೇಲೂ ಕಲಾವಿದರಲ್ಲಿ ಎರಡು ಪಂಗಡ. ಎಷ್ಟು ಎಳೆದಾಡಿದರೂ ಶ್ರುತಿ ನಿಲ್ಲುತ್ತದೆ ಎಂದು ಒಬ್ಬರು. ತಂತಿ ಬದಲಾಯಿಸಲು ಅರ್ಧ ಸಂಜೆ ಬೇಕು, ಸ್ಪ್ಯಾನರ್ ಮರೆತರೆ ಕಥೆ ಮುಗಿಯಿತು, ಒಂದು ತಂತಿ ಕಡಿದರೆ ಉಳಿದ ಐದೂ ಶ್ರುತಿ ಬಿಡುತ್ತವೆ, ಇದನ್ನು ಕೂರಿಸಲು ಗಿಟಾರಿನ ಮೈಯನ್ನೇ ಕೊರೆಯಬೇಕು ಎಂದು ಇನ್ನೊಬ್ಬರು. ಈ ಎರಡರ ನಡುವಿನ ದಾರಿಯಾಗಿ ಬಂದದ್ದು ತಂತಿಯನ್ನು ಕಂಬದೊಳಗೇ ಹಿಡಿದಿಡುವ ಬೀಗದ ಬಿರಡೆಗಳು. 1987ರಲ್ಲಿ ಫೆಂಡರ್ ಕಂಪನಿಯೇ ತನ್ನ ಸ್ಟ್ರಾಟ್ ಪ್ಲಸ್ ಗಿಟಾರಿನಲ್ಲಿ ಸ್ಪರ್ಜೆಲ್ ಕಂಪನಿಯ ಅಂಥ ಬಿರಡೆಗಳನ್ನು ಹಾಕಿತು. ಅದರ ಮೇಲೆ ಅಷ್ಟೇನೂ ಜಗಳ ಆಗಲಿಲ್ಲ. ನೋಡಲು ಹಳೆಯದರಂತೆಯೇ ಇತ್ತು, ಬೇಡವಾದರೆ ಬಿಚ್ಚಿ ಹಾಕಬಹುದಿತ್ತು.

ತಾನೇ ಶ್ರುತಿ ಮಾಡಿಕೊಳ್ಳುವ ಗಿಟಾರ್

2007ರಲ್ಲಿ ಗಿಬ್ಸನ್ ಕಂಪನಿ ರೋಬೋಟ್ ಗಿಟಾರ್ ತಂದಿತು. ಜರ್ಮನಿಯ ಟ್ರಾನಿಕಲ್ ಕಂಪನಿ ರೂಪಿಸಿದ ಇದರ ಬಿರಡೆಗಳ ಒಳಗೆ ಪುಟ್ಟ ಮೋಟಾರುಗಳು. ತಂತಿಗಳನ್ನು ಒಮ್ಮೆ ಮೀಟಿದರೆ ಸಾಕು, ಯಂತ್ರ ಸ್ವರವನ್ನು ಅಳೆದು, ಬಿರಡೆಗಳನ್ನು ತಾನೇ ತಿರುಗಿಸಿಕೊಳ್ಳುತ್ತದೆ. ಬೇಕಾದವರು ಕೊಂಡರು, ಬೇಡವಾದವರು ನಕ್ಕು ಸುಮ್ಮನಾದರು.

ನಿಜವಾದ ಗಲಾಟೆ ಆಗಿದ್ದು 2015ರಲ್ಲಿ. ಆ ವರ್ಷ ಗಿಬ್ಸನ್ ತನ್ನ ಅಮೆರಿಕದ ಹೆಚ್ಚಿನ ಎಲೆಕ್ಟ್ರಿಕ್ ಗಿಟಾರುಗಳಿಗೂ ಜಿ-ಫೋರ್ಸ್ ಎಂಬ ಸ್ವಯಂಚಾಲಿತ ಬಿರಡೆಗಳನ್ನೇ ಹಾಕಿತು. ಜೊತೆಗೆ ಕುತ್ತಿಗೆ ಅಗಲವಾಯಿತು, ನಟ್ ಹಿತ್ತಾಳೆಯದಾಯಿತು, ಬೆಲೆಯೂ ಏರಿತು. ಕಲಾವಿದರು ಸಿಟ್ಟಾದರು. ಕೆಲವರ ದೂರು ತಾಂತ್ರಿಕವಾದದ್ದು: ಬ್ಯಾಟರಿ ಮುಗಿದರೆ ಏನು ಮಾಡುವುದು, ಹತ್ತು ವರ್ಷದ ನಂತರ ಕೆಟ್ಟರೆ ಬಿಡಿಭಾಗ ಎಲ್ಲಿ ಸಿಗುತ್ತದೆ. ಕೆಲವರ ದೂರು ರೂಪದ ಬಗ್ಗೆ. ಇನ್ನು ಕೆಲವರು ಕಿವಿ ಪಳಗುವುದೇ ಶ್ರುತಿ ಮಾಡುವುದರಿಂದ, ಅದನ್ನೇ ಯಂತ್ರಕ್ಕೆ ಕೊಟ್ಟರೆ ಕಲಿಯುವವರ ಗತಿ ಏನು ಎಂದರು. ಹೊಗಳಿದವರೂ ಇದ್ದರು. ಒಂದೊಂದು ಹಾಡಿಗೆ ಒಂದೊಂದು ಶ್ರುತಿ ಬೇಕಾದವರಿಗೆ ಇದರಿಂದ ಎರಡು ಮೂರು ಗಿಟಾರ್ ಹೊರುವುದು ತಪ್ಪುತ್ತಿತ್ತು. ಜಿಮ್ಮಿ ಪೇಜ್ ಅವರೇ 1990ರ ದಶಕದಲ್ಲಿ ಬೇರೊಂದು ಕಂಪನಿಯ ಸ್ವಯಂ ಶ್ರುತಿ ಯಂತ್ರವಿದ್ದ ಗಿಟಾರನ್ನು ಅದಕ್ಕಾಗಿಯೇ ಬಳಸಿದ್ದರು.

ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು, ದೊಡ್ಡ ಸಿಟ್ಟು ಯಂತ್ರದ ಮೇಲಲ್ಲ. ಆಯ್ಕೆಯೇ ಇಲ್ಲದಂತೆ ಮಾಡಿದ್ದರ ಮೇಲೆ. ಮರುವರ್ಷ, 2016ರಲ್ಲಿ, ಗಿಬ್ಸನ್ ಹಳೆಯ ಬಿರಡೆಗಳ ಸಾಂಪ್ರದಾಯಿಕ ಗಿಟಾರುಗಳನ್ನು ಮತ್ತೆ ಬೇರೆಯಾಗಿ ಕೊಡತೊಡಗಿತು. 2018ರ ಮೇ ತಿಂಗಳಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಮುಖ್ಯ ಕಾರಣ ಬಿರಡೆಯಲ್ಲ, ಬೇರೆ ಎಲೆಕ್ಟ್ರಾನಿಕ್ಸ್ ವ್ಯಾಪಾರಕ್ಕೆ ಮಾಡಿದ ಸಾಲ. ಅದೇ ವರ್ಷದ ಕೊನೆಯಲ್ಲಿ ಹೊಸ ಆಡಳಿತದೊಂದಿಗೆ ಅದು ಹೊರಬಂತು. 2019ರಲ್ಲಿ ಒಂದು ವಿಡಿಯೋ ಹರಿದಾಡಿತು. ಸ್ವಯಂ ಶ್ರುತಿ ಬಿರಡೆಗಳಿದ್ದ ಫೈರ್‌ಬರ್ಡ್ ಎಕ್ಸ್ ಎಂಬ ಗಿಟಾರುಗಳನ್ನು ನೂರಾರು ಸಂಖ್ಯೆಯಲ್ಲಿ ನೆಲದ ಮೇಲೆ ಹರಡಿ, ಅವುಗಳ ಮೇಲೆ ದೊಡ್ಡ ಯಂತ್ರ ಓಡಿಸಿ ಪುಡಿ ಮಾಡುವ ವಿಡಿಯೋ. ಅವು ಸರಿಪಡಿಸಲಾಗದವು ಎಂದು ಕಂಪನಿ ಹೇಳಿತು. ಆ ಗಿಟಾರನ್ನು ಇಷ್ಟಪಡದವರಿಗೂ ಅದನ್ನು ನೋಡಿ ಸಂಕಟವಾಯಿತು.

ವೀಣೆಯ ಕಡೆಯಿಂದ ಒಂದು ಮಾತು

ಇಷ್ಟನ್ನೂ ಮೈಸೂರಿನಲ್ಲಿರುವ ನನ್ನ ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿದೆ. ಅಜ್ಜಿ ಚಿಕ್ಕಂದಿನಲ್ಲಿ ವೀಣೆ ಕಲಿತವರು. "ಇದೇನು ಹೊಸ ಜಗಳ ಅಲ್ಲ ಪುಟ್ಟಿ" ಎಂದರು. ವೀಣೆಯ ಮರದ ಬಿರಡೆ ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ, ಒಣ ಹವೆಯಲ್ಲಿ ಜಾರುತ್ತದೆ. ಜಾರಿದರೆ ಸೀಮೆಸುಣ್ಣ ಹಚ್ಚುತ್ತಾರೆ. ಈಗ ಕೆಲವು ವೀಣೆಗಳಿಗೆ ಗಿಟಾರಿನಂಥ ಹಲ್ಲಿನ ಬಿರಡೆಗಳನ್ನೂ ಹಾಕುತ್ತಾರೆ, ಅದನ್ನು ಒಪ್ಪದವರೂ ಇದ್ದಾರೆ. ತಂಬೂರಿಯಲ್ಲಿ ಕುದುರೆಯ ಕೆಳಗೆ ಪ್ರತಿ ತಂತಿಗೂ ಒಂದೊಂದು ಮಣಿ ಇರುತ್ತದೆ. ಅದನ್ನು ಸ್ವಲ್ಪ ಸರಿಸಿದರೆ ಶ್ರುತಿ ಕೂದಲೆಳೆಯಷ್ಟು ಬದಲಾಗುತ್ತದೆ. ಫ್ಲಾಯ್ಡ್ ರೋಸ್ ಬ್ರಿಡ್ಜ್‌ನ ಆರು ಸಣ್ಣ ತಿರುಪುಗಳು ಮಾಡುವ ಕೆಲಸವನ್ನೇ ನಮ್ಮ ತಂಬೂರಿಯ ಮಣಿಗಳು ಎಷ್ಟೋ ಕಾಲದಿಂದ ಮಾಡುತ್ತಿವೆ!

ಬೆಂಗಳೂರಿನಲ್ಲೂ ಇಂಥದ್ದೇ ಕಥೆ ಇದೆ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಕೊಳಲು ನುಡಿಸುವ ಜಿ. ರಾಜನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಮಾಡಿದರು. ಅವರ ರಾಡೆಲ್ ಕಂಪನಿ ಎಲೆಕ್ಟ್ರಾನಿಕ್ ತಂಬೂರಿಯನ್ನೂ, ಡಿಜಿಟಲ್ ವೀಣೆಯನ್ನೂ ತಂದಿತು. ತಂಬೂರಿಯ ಜೀವಾಳಿಯ ನಾದ ಪೆಟ್ಟಿಗೆಯಿಂದ ಬರುತ್ತದೆಯೇ ಎಂದು ಕೇಳಿದವರು ಇದ್ದರು, ಈಗಲೂ ಇದ್ದಾರೆ. ಆದರೆ ತಂಬೂರಿ ಹೊತ್ತು ವಿಮಾನ ಹತ್ತಲಾಗದ ನಮ್ಮಂಥ ಮನೆಗಳಲ್ಲಿ ಸಂಗೀತಾಭ್ಯಾಸ ನಡೆಯುತ್ತಿರುವುದು ಆ ಪೆಟ್ಟಿಗೆಯಿಂದ, ಅಥವಾ ಫೋನಿನಲ್ಲಿರುವ ಅದರ ಮೊಮ್ಮಕ್ಕಳಿಂದ. ಶ್ರುತಿಯೇ ತಾಯಿ, ಲಯವೇ ತಂದೆ ಎನ್ನುತ್ತಾರಲ್ಲ, ತಾಯಿ ಯಾವ ರೂಪದಲ್ಲಿ ಬಂದರೂ ತಾಯಿಯೇ ಎಂದು ನನ್ನ ಅಮ್ಮ ನಗುತ್ತಾರೆ.

ನನ್ನ ಗಿಟಾರ್ ಏನಾಯಿತು?

ಕೊನೆಗೆ ಅಜ್ಜಿ ಒಂದು ಪ್ರಶ್ನೆ ಕೇಳಿದರು. "ಬಿರಡೆ ಜಾರುತ್ತಿದೆಯೋ, ತಂತಿ ಎಲ್ಲಾದರೂ ಸಿಕ್ಕಿಕೊಳ್ಳುತ್ತಿದೆಯೋ, ನೋಡಿದೆಯಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ನಾನು ನೋಡಿರಲೇ ಇಲ್ಲ. ಬಿರಡೆಯ ಗುಂಡಿಯ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿ ನುಡಿಸಿದೆ. ಹಾಡು ಮುಗಿದಾಗ ಶ್ರುತಿ ತಪ್ಪಿತ್ತು, ಗುರುತು ಮಾತ್ರ ಇದ್ದಲ್ಲೇ ಇತ್ತು. ನಟ್‌ನ ಹಿಂದೆ ಮೂರನೇ ತಂತಿಯನ್ನು ಬೆರಳಿನಿಂದ ಒತ್ತಿದೆ. 'ಟಿಂಕ್' ಎಂದು ಸದ್ದಾಗಿ ಸ್ವರ ಬದಲಾಯಿತು. ತಪ್ಪು ಬಿರಡೆಯದ್ದಲ್ಲ! ನಾನು ಮೊದಲಿಗಿಂತ ದಪ್ಪ ತಂತಿ ಹಾಕಿದ್ದೆ. ಅದು ನಟ್‌ನ ಸಣ್ಣ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಫ್ಲಾಯ್ಡ್ ರೋಸ್ 1970ರ ದಶಕದಲ್ಲಿ ನೋಡಿದ್ದ ಜಾಗ ಅದೇ. ನಮ್ಮ ಮನೆ ಹತ್ತಿರದ ರಿಪೇರಿಯವರೊಬ್ಬರು ಆ ಕಚ್ಚನ್ನು ಅರದಿಂದ ಸ್ವಲ್ಪ ಅಗಲ ಮಾಡಿ, ಅದರೊಳಗೆ ಪೆನ್ಸಿಲ್ ಸೀಸ ಉಜ್ಜಿಕೊಟ್ಟರು. ಅಜ್ಜಿಯ ಬಿರಡೆ ಜಾರದಿರಲು ಸೀಮೆಸುಣ್ಣ, ನನ್ನ ತಂತಿ ಜಾರಲು ಪೆನ್ಸಿಲ್ ಪುಡಿ. ಎರಡೂ ಶಾಲೆಯ ಚೀಲದಲ್ಲೇ ಸಿಗುವ ವಸ್ತುಗಳು.

ನನ್ನ ಗಿಟಾರಿಗೆ ಸ್ವಯಂ ಶ್ರುತಿ ಬಿರಡೆ ಇದ್ದಿದ್ದರೆ? ಅದು ಪ್ರತಿ ಹಾಡಿಗೂ ಶ್ರುತಿ ಸರಿಮಾಡುತ್ತಿತ್ತು. ತಂತಿ ಪ್ರತಿ ಹಾಡಿಗೂ ಸಿಕ್ಕಿಕೊಳ್ಳುತ್ತಿತ್ತು. ತೊಂದರೆ ಎಲ್ಲಿದೆ ಎಂದು ನನಗೆ ಗೊತ್ತೇ ಆಗುತ್ತಿರಲಿಲ್ಲವೇನೋ. ಹಾಗೆಂದು ನಾನು ಯಂತ್ರಗಳ ವಿರೋಧಿಯಲ್ಲ. ನನ್ನ ಸಹಪಾಠಿಯೊಬ್ಬಳಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಅವಳು ಬೇಸ್ ನುಡಿಸುತ್ತಾಳೆ. ತಲೆಗೆ ಸಿಕ್ಕಿಸಿದ ಶ್ರುತಿ ಯಂತ್ರದ ಹಸಿರು ದೀಪ ನೋಡಿ ಬಿರಡೆ ತಿರುಗಿಸುತ್ತಾಳೆ. "ಕಿವಿಯಿಂದಲೇ ಮಾಡಬೇಕು" ಎಂದು ಅವಳಿಗೆ ಹೇಳುವ ಹಕ್ಕು ಯಾರಿಗಿದೆ? ಯಾವ ಸಹಾಯ ಬೇಕು, ಯಾವುದು ಬೇಡ ಎಂದು ನುಡಿಸುವವರೇ ತೀರ್ಮಾನಿಸಬೇಕು. 2015ರಲ್ಲಿ ಕಲಾವಿದರು ಕೇಳಿದ್ದೂ ಅದನ್ನೇ ಎಂದು ನನಗನ್ನಿಸುತ್ತದೆ.

ಮಾವನ ಗಿಟಾರಿಗೆ ನಾನು ತೂತು ಕೊರೆಸಲಿಲ್ಲ. ಹೇಳಿದಾಗ ಮಾವ "ಹೌದಾ, ಸರಿ ಬಿಡು" ಎಂದರು ಅಷ್ಟೇ. ಆದರೆ ಮರುದಿನ ತಾವು ಕಾಲೇಜಿನಲ್ಲಿ ಅದೇ ಗಿಟಾರ್ ಹಿಡಿದು ನಿಂತಿದ್ದ ಹಳೆಯ ಫೋಟೋ ಒಂದನ್ನು ಕಳಿಸಿದರು. ಅದರಲ್ಲಿ ಅವರು ನುಡಿಸುತ್ತಿಲ್ಲ. ತಲೆ ಬಗ್ಗಿಸಿ, ಕಿವಿ ಕೊಟ್ಟು, ಬಿರಡೆ ತಿರುಗಿಸುತ್ತಿದ್ದಾರೆ.

ಕೊನೆಯದಾಗಿ ನನ್ನ ಪುಟ್ಟ ಗೆಳೆಯ ಗೆಳತಿಯರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಹಳೆಯ ವೀಣೆಯೋ, ಪಿಟೀಲೋ, ಹಾರ್ಮೋನಿಯಮ್ಮೋ ಇದ್ದರೆ, ಅದನ್ನು ಮೊದಲು ಯಾರು ನುಡಿಸುತ್ತಿದ್ದರು, ಕೆಟ್ಟಾಗ ಯಾರು ಹೇಗೆ ಸರಿಮಾಡಿದರು ಎಂದು ಮನೆಯ ಹಿರಿಯರನ್ನು ಕೇಳಿ. ಅದೂ ಇತಿಹಾಸವೇ. ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಓದಲು ನಾನು ಕಾಯುತ್ತಿರುತ್ತೇನೆ.

– 11ನೇ ತರಗತಿಯ ವಿದ್ಯಾರ್ಥಿನಿ, ನ್ಯೂಕ್ಯಾಸಲ್